ನೋಡಿ ಕಲಿ, ಮಾಡಿ ತಿಳಿ: ಕೋಡಿಂಗ್‌ಗೂ ಇದೇ ಮಾತು

ಸಿ ಲ್ಯಾಬ್‌ನಲ್ಲಿ ನಮ್ಮೆಲ್ಲರದೂ ಒಂದೇ ಕಥೆ. ರೆಕಾರ್ಡ್‌ನಲ್ಲಿ ಬರೆದಿದ್ದನ್ನ ಹಾಗೇ ಟೈಪ್ ಮಾಡ್ತೀವಿ, ಔಟ್‌ಪುಟ್ ಬರುತ್ತೆ, ಸಹಿ ಹಾಕಿಸಿಕೊಂಡು ಹೊರಗೆ ಬರ್ತೀವಿ. ವೈವಾದಲ್ಲಿ ‘ಈ ಸಾಲು ಯಾಕೆ?’ ಅಂತ ಕೇಳಿದರೆ ಮಾತ್ರ ಬಾಯಿ ಬಂದ್. ಬರೆದು ಮುಗಿದ ಕೋಡನ್ನು ನಾವು ಬೇಕಾದಷ್ಟು ನೋಡಿರುತ್ತೇವೆ. ಒಬ್ಬರು ಕೂತು ಕೋಡ್ ಬರೆಯುವುದನ್ನು ನೋಡಿರುವುದು ಕಡಿಮೆ.

ಒಂದು ಉದಾಹರಣೆ ತಗೊಳ್ಳೋಣ. ಅರೇಯಲ್ಲಿರುವ ಅತಿ ದೊಡ್ಡ ಸಂಖ್ಯೆ ಹುಡುಕಬೇಕು. ಪುಸ್ತಕದ ಪ್ರೋಗ್ರಾಮ್‌ನಲ್ಲಿ ‘ಮ್ಯಾಕ್ಸ್’ ಎಂಬ ವೇರಿಯಬಲ್‌ಗೆ ಅರೇಯ ಮೊದಲ ಸಂಖ್ಯೆಯನ್ನೇ ಹಾಕಿರುತ್ತಾರೆ. ಓದಿ ಮುಂದೆ ಹೋಗ್ತೀವಿ. ಈಗ ಸೀನಿಯರ್ ಒಬ್ಬರು ನಮ್ಮೆದುರೇ ಇದನ್ನು ಬರೆಯುತ್ತಿದ್ದಾರೆ ಅಂದುಕೊಳ್ಳಿ. ಅವರು ಮ್ಯಾಕ್ಸ್‌ಗೆ 0 ಕೊಟ್ಟು ಶುರು ಮಾಡ್ತಾರೆ. 4, 9, 2 ಹಾಕಿದರೆ 9 ಬಂತು, ಸರಿ. -3, -7, -2 ಹಾಕಿದರೆ? ಉತ್ತರ 0! ಪಟ್ಟಿಯಲ್ಲೇ ಇಲ್ಲದ ಸಂಖ್ಯೆ. ಮೂರರಲ್ಲಿ ಯಾವುದೂ 0ಗಿಂತ ದೊಡ್ಡದಲ್ಲ, ಹಾಗಾಗಿ ಮ್ಯಾಕ್ಸ್ ಬದಲಾಗಲೇ ಇಲ್ಲ. 0 ಅಳಿಸಿ ಮೊದಲ ಸಂಖ್ಯೆ ಹಾಕಿದ ಮೇಲೆ -2 ಬರುತ್ತದೆ. ಆ ಸಾಲು ಯಾಕೆ ಹಾಗಿದೆ ಅಂತ ಇನ್ನು ಯಾರೂ ಹೇಳಿಕೊಡಬೇಕಿಲ್ಲ.

ಇದರ ಹಿಂದೆ ಸಂಶೋಧನೆಯೂ ಇದೆ. 1985ರಲ್ಲಿ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ ಬೀಜಗಣಿತ ಕಲಿಯುವವರ ಮೇಲೆ ಪ್ರಯೋಗ ಮಾಡಿದರು. ಬಿಡಿಸಿ ತೋರಿಸಿದ ಲೆಕ್ಕಗಳನ್ನು ಅಭ್ಯಾಸ ಮಾಡಿದವರು, ಬರೀ ತಾವೇ ಬಿಡಿಸುತ್ತಾ ಹೋದವರಿಗಿಂತ, ಅದೇ ಬಗೆಯ ಲೆಕ್ಕಗಳನ್ನು ಬೇಗ ಮತ್ತು ಕಡಿಮೆ ತಪ್ಪಿನಿಂದ ಮಾಡಿದರು. ಕಾರಣ ಸರಳ: ನಮ್ಮ ತಲೆ ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳುವುದು ಕೆಲವೇ ವಿಷಯ. ಹೊಸಬರಿಗೆ ಸಿಂಟ್ಯಾಕ್ಸ್, ಲಾಜಿಕ್, ಎರರ್ ಮೆಸೇಜ್ ಎಲ್ಲಾ ಒಟ್ಟಿಗೆ ಬಂದರೆ ಕಲಿಯೋಕೆ ಜಾಗವೇ ಉಳಿಯಲ್ಲ. ನೋಡುವಾಗ ಆ ಭಾರ ಇಳಿಯುತ್ತದೆ.

ಹಾಗಂತ ವಿಡಿಯೋ ಹಾಕಿಕೊಂಡು ತಲೆಯಾಡಿಸಿದರೆ ಸಾಲದು. ದಡದಲ್ಲಿ ನಿಂತು ಈಜು ಬರಲ್ಲ. ಮೂರು ಅಭ್ಯಾಸ ಇಟ್ಟುಕೊಳ್ಳೋಣ:

1. ರನ್ ಮಾಡುವ ಮೊದಲು ಔಟ್‌ಪುಟ್ ಏನು ಬರಬಹುದು ಅಂತ ಬರೆದಿಡುವುದು.
2. ನೋಡಿದ್ದನ್ನು ಮುಚ್ಚಿಟ್ಟು ಸ್ವತಃ ಬರೆಯುವುದು.
3. ಒಂದು ಬದಲಾವಣೆ ಮಾಡುವುದು: ದೊಡ್ಡದರ ಬದಲು ಚಿಕ್ಕ ಸಂಖ್ಯೆ ಹುಡುಕಿ.

ಕೈ ಪಳಗಿದಂತೆ ನೋಡುವುದು ಕಡಿಮೆಯಾಗಲಿ, ಮಾಡುವುದು ಹೆಚ್ಚಾಗಲಿ.

ತೋರಿಸುವವರಿಗೂ ಒಂದು ಮಾತು. ಜೂನಿಯರ್‌ಗಳ ಮುಂದೆ ಎರರ್ ಬಂದರೆ ನಾಚಿಕೊಂಡು ಸ್ಕ್ರೀನ್ ತಿರುಗಿಸಬೇಡಿ. ಅವರು ನೋಡಬೇಕಾಗಿರುವುದೇ ಅದನ್ನ.