ಹೊಂಡದ ಪಂಪೂ ಗ್ಯಾರಂಟಿ ಕಾರ್ಡೂ: ಕೊಳ್ಳುವಾಗ ಮತ್ತು ಕೆಟ್ಟಾಗ

ಪ್ರತಿ ವರ್ಷ ಫೆಬ್ರುವರಿ ಕೊನೆಯಿಂದ ಮಾರ್ಚ್ ಮುಗಿಯುವ ತನಕ ನಮ್ಮ ಸಂಘದ ಕಛೇರಿಗೆ ಗೊಬ್ಬರ ಕೇಳಿಕೊಂಡು ಬರುವವರಿಗಿಂತ ಪಂಪಿನ ಗೋಳು ಹೇಳಿಕೊಂಡು ಬರುವವರೇ ಹೆಚ್ಚು. ಹೊಂಡದಲ್ಲಿ ನೀರಿದೆ, ಪೈಪು ಎಳೆದಾಗಿದೆ, ರೋಬಸ್ಟಾ ಮೊಗ್ಗು ಕಾದು ನಿಂತಿದೆ. ಪಂಪು ಮಾತ್ರ ಎರಡು ತಾಸು ಓಡಿ ಸುಮ್ಮನಾಗಿದೆ. ಬಂದವರ ಕೈಯಲ್ಲಿ ಒಂದು ಗ್ಯಾರಂಟಿ ಕಾರ್ಡು ಇರುತ್ತದೆ. ಅದರಲ್ಲಿ ಅಂಗಡಿಯ ಮೊಹರಿಲ್ಲ, ಕೂರಿಸಿದ ತಾರೀಖಿಲ್ಲ, ಪಂಪಿನ ನಂಬರೂ ಇಲ್ಲ. ಕಾರ್ಡನ್ನು ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ ಎಂಬುದೇ ವಿಶೇಷ.

ಹೂನೀರು ಕೊಡುವ ಕಾಲದಲ್ಲಿ ಪಂಪು ನಿಂತರೆ ಆಗುವ ನಷ್ಟ ಪಂಪಿನ ಬೆಲೆಯಷ್ಟೇ ಅಲ್ಲ ಎಂಬುದನ್ನು ಕಾಫಿ ಬೆಳೆಯುವವರಿಗೆ ಹೇಳಬೇಕಾಗಿಲ್ಲ. ಅರೆನೀರು ಕುಡಿದ ಮೊಗ್ಗು ಪೂರ್ತಿ ಅರಳದೆ ಕೆಡುತ್ತದೆ. ಅದಕ್ಕಿಂತ ನೀರು ಕೊಡದೆ ಮಳೆ ಕಾಯುವುದೇ ಮೇಲೆನ್ನಿಸುತ್ತದೆ. ಅಡಿಕೆಯಾದರೆ ನಾಲ್ಕು ದಿನ ತಡೆದುಕೊಂಡೀತು, ಕಾಫಿ ಹೂ ತಡೆಯದು. ಆದುದರಿಂದ ಈ ಪಾಠವನ್ನು ಮಾರ್ಚಿನಲ್ಲಿ ಓದುವುದಕ್ಕಿಂತ, ಪಂಪು ಕೊಳ್ಳಲು ಪೇಟೆಗೆ ಹೊರಡುವ ಮುನ್ನ ಓದುವುದು ಲೇಸು.

ಮೊದಲು ಗ್ಯಾರಂಟಿಯ ಲೆಕ್ಕ ನೋಡೋಣ. ಅನೇಕ ಕಾರ್ಡುಗಳಲ್ಲಿ 'ಕೂರಿಸಿದ ದಿನದಿಂದ 12 ತಿಂಗಳು ಅಥವಾ ಕಾರ್ಖಾನೆಯಿಂದ ಹೊರಟ ದಿನದಿಂದ 15 ತಿಂಗಳು, ಇವುಗಳಲ್ಲಿ ಯಾವುದು ಮೊದಲೋ ಅದು' ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಈ ಕಡೆಯ ಮಾತನ್ನು ನಾವು ಯಾರೂ ಓದುವುದಿಲ್ಲ. ಪಂಪು ಅಂಗಡಿಯವನ ಗೋದಾಮಿನಲ್ಲಿ ಎಂಟು ತಿಂಗಳು ಮಲಗಿದ್ದರೆ ನಿಮ್ಮ ಪಾಲಿಗೆ ಉಳಿಯುವುದು ಏಳೇ ತಿಂಗಳು. ಅದರಲ್ಲೂ ನಾವು ಮಳೆಗಾಲದ ರಿಯಾಯಿತಿ ನೋಡಿ ಆಗಸ್ಟಿನಲ್ಲಿ ಕೊಂಡು, ಕೊಟ್ಟಿಗೆಯಲ್ಲಿಟ್ಟು, ಫೆಬ್ರುವರಿಯಲ್ಲಿ ಮೊದಲ ಬಾರಿ ಗುಂಡಿ ಒತ್ತುವ ಜನ. ಗ್ಯಾರಂಟಿ ಕ್ಯಾಲೆಂಡರಿನ ಮೇಲೆ ಓಡುತ್ತದೆ, ಪಂಪು ಹಂಗಾಮಿನಲ್ಲಿ ಓಡುತ್ತದೆ. ವರ್ಷಕ್ಕೆ ನಲವತ್ತು ದಿನ ಓಡುವ ಪಂಪಿಗೆ ಒಂದು ವರ್ಷದ ಗ್ಯಾರಂಟಿ ಎಂದರೆ ವಾಸ್ತವದಲ್ಲಿ ಒಂದೇ ಹಂಗಾಮಿನ ಗ್ಯಾರಂಟಿ. ಹಾಗಾಗಿ ಪಂಪಿನ ತಗಡಿನ ಮೇಲಿರುವ ತಯಾರಿಕೆಯ ತಿಂಗಳನ್ನು ಅಂಗಡಿಯಲ್ಲೇ ಓದಿಕೊಳ್ಳತಕ್ಕದ್ದು; ಕೊಂಡ ವಾರದೊಳಗೆ, ತೋಟಕ್ಕೆ ನೀರು ಬೇಕಿರಲಿ ಬಿಡಲಿ, ಒಂದು ದಿನ ಪೂರ್ತಿ ಓಡಿಸಿ ನೋಡತಕ್ಕದ್ದು.

ಎರಡನೆಯದು ಬಿಲ್ಲು. ತೆರಿಗೆ ಉಳಿಯಿತೆಂದು 'ಎಸ್ಟಿಮೇಟ್' ಎಂದು ಬರೆದ ಚೀಟಿಯಲ್ಲಿ ಪಂಪು ತರುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಆ ಚೀಟಿ ಬಿಲ್ಲಲ್ಲ. ಕಂಪೆನಿಯವರು ಕೇಳುವುದು ಪಂಪಿನ ನಂಬರು ನಮೂದಿಸಿದ ಜಿಎಸ್‌ಟಿ ಬಿಲ್ಲನ್ನು. ಉಳಿಸಿದ ಹಣಕ್ಕೆ ನಾವೇ ವಿಮೆಯನ್ನು ರದ್ದು ಮಾಡಿಸಿಕೊಂಡಂತಾಗುತ್ತದೆ.

ಪಂಪು ಕೂರಿಸಿದ ದಿನವೇ ಒಂದು ಪುಟದ ದಾಖಲೆ ಬರೆದಿಡಿ. ನೀರಿನ ಮಟ್ಟದಿಂದ ಪಂಪಿಗೆ ಎಷ್ಟು ಅಡಿ, ಮೂರು ಫೇಸುಗಳ ವೋಲ್ಟೇಜು ಎಷ್ಟೆಷ್ಟು, ಓಡುವಾಗ ಎಳೆಯುವ ಆಂಪಿಯರ್ ಎಷ್ಟು, 200 ಲೀಟರಿನ ಡ್ರಮ್ಮು ಎಷ್ಟು ಸೆಕೆಂಡಿಗೆ ತುಂಬಿತು. ಈ ಡ್ರಮ್ಮಿನ ಪರೀಕ್ಷೆ ಬಲು ಸುಲಭ. 40 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರು. 57 ಸೆಕೆಂಡಾದರೆ ಮೂರೂವರೆ ಲೀಟರು. ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ ಸುಮಾರು 1,03,000 ಲೀಟರು. ಮೊದಲನೆಯದು ಇದನ್ನು ಆರು ತಾಸಿನೊಳಗೆ ಮುಗಿಸುತ್ತದೆ, ಎರಡನೆಯದಕ್ಕೆ ಎಂಟು ತಾಸು ದಾಟುತ್ತದೆ. ದಿನಕ್ಕೆ ಏಳು ತಾಸು ತ್ರೀಫೇಸ್ ಕರೆಂಟು ಎಂದು ಹಿಡಿದರೆ ಎರಡನೆಯ ಪಂಪಿನಿಂದ ಆ ದಿನದ ಕೆಲಸ ಆ ದಿನ ಮುಗಿಯುವುದೇ ಇಲ್ಲ. ಪಂಪು ನಿಂತರೆ ಎಲ್ಲರಿಗೂ ತಿಳಿಯುತ್ತದೆ; ಸೊರಗಿದರೆ ತಿಳಿಯುವುದು ಈ ಡ್ರಮ್ಮಿನಿಂದ ಮಾತ್ರ.

ಇನ್ನು ದಡದ ಮೇಲೆ ಕೂರಿಸುವ ಮೊನೊಸೆಟ್ ಪಂಪಿನ ವಿಚಾರ. ಪಂಪು ನೀರನ್ನು 'ಎಳೆಯುತ್ತದೆ' ಎಂದು ನಾವು ಹೇಳುವುದು ರೂಢಿಯ ಮಾತು. ನಿಜಕ್ಕೂ ಹೊಂಡದ ಮೇಲಿನ ಗಾಳಿಯ ಒತ್ತಡವೇ ನೀರನ್ನು ಪೈಪಿನೊಳಕ್ಕೆ ದೂಡುವುದು. ಸಮುದ್ರಮಟ್ಟದಲ್ಲಿ ಈ ಒತ್ತಡ ನೀರನ್ನು ಹೆಚ್ಚೆಂದರೆ 10.3 ಮೀಟರು ಎತ್ತಬಲ್ಲದು. ಸಾವಿರ ಮೀಟರು ಎತ್ತರದ ನಮ್ಮ ಕಾಫಿ ಸೀಮೆಯಲ್ಲಿ 9 ಮೀಟರಿನ ಆಸುಪಾಸು. ಪೈಪಿನ ತಿಕ್ಕಾಟ, ಫುಟ್‌ವಾಲ್ವಿನ ಅಡ್ಡಿ ಎಲ್ಲ ಕಳೆದರೆ 5 ಮೀಟರು, ಅಂದರೆ 16 ಅಡಿಯೊಳಗೆ ಇಟ್ಟುಕೊಳ್ಳುವುದೇ ಕ್ಷೇಮ. ಡಿಸೆಂಬರಿನಲ್ಲಿ ಪಂಪಿನಿಂದ ಆರಡಿ ಕೆಳಗಿದ್ದ ನೀರು ಮಾರ್ಚಿಗೆ ಇಪ್ಪತ್ತಡಿಗೆ ಇಳಿದಿರುತ್ತದೆ. ಆಗ ಪಂಪಿನೊಳಗೆ ಬೆಣಚುಕಲ್ಲು ಹುರಿದಂಥ ಸದ್ದು ಕೇಳಿಸುತ್ತದೆ. ಅದು ಕಲ್ಲಲ್ಲ, ಒತ್ತಡ ಕುಸಿದು ಹುಟ್ಟಿದ ಆವಿಯ ಗುಳ್ಳೆಗಳು ಚಕ್ರಕ್ಕೆ ಬಡಿದು ಒಡೆಯುವ ಸದ್ದು. ಹೀಗೆ ಒಂದು ಹಂಗಾಮು ಓಡಿಸಿದರೆ ಚಕ್ರದಲ್ಲಿ ಸಿಡುಬಿನಂತೆ ಗುಳಿ ಬೀಳುತ್ತದೆ. ಇದಕ್ಕೆ ಕಂಪೆನಿಯನ್ನು ದೂರುವಂತಿಲ್ಲ. ನೀರಿಳಿದಂತೆ ಪಂಪನ್ನೂ ಇಳಿಸಲು ದಡದಲ್ಲಿ ಎರಡು ಮೂರು ಮೆಟ್ಟಿಲು ಕಟ್ಟಿಕೊಂಡರೆ ಆಯಿತು.

ಸುಟ್ಟ ಮೋಟಾರಿನದೇ ದೊಡ್ಡ ಕಥೆ. ಮೋಟಾರು ಸುಟ್ಟಿತೆಂದರೆ ಕಂಪೆನಿಯ ಮೆಕ್ಯಾನಿಕ್ 'ವೋಲ್ಟೇಜು ಕಮ್ಮಿ' ಎನ್ನುತ್ತಾನೆ, ನಾವು 'ಮಾಲು ಖೋಟಾ' ಎನ್ನುತ್ತೇವೆ. ಯಾರು ಸರಿ ಎಂಬುದನ್ನು ಸುರುಳಿಯೇ ಹೇಳುತ್ತದೆ. ಮೂರು ಫೇಸಿನ ಸುರುಳಿಗಳಲ್ಲಿ ಒಂದೋ ಎರಡೋ ಮಾತ್ರ ಕಪ್ಪಾಗಿ ಉಳಿದದ್ದು ಹೊಸದರಂತೆ ಹೊಳೆಯುತ್ತಿದ್ದರೆ, ಒಂದು ಫೇಸು ಕಡಿದುಹೋಗಿದ್ದರೂ ಮೋಟಾರು ಓಡಿದೆ ಎಂದರ್ಥ. ಇದು ಲೈನಿನದೋ ನಮ್ಮ ಫ್ಯೂಸಿನದೋ ತಪ್ಪು. ಎಲ್ಲ ಸುರುಳಿಗಳೂ ಸಮನಾಗಿ ಕಂದಿದ್ದರೆ ಹೊರೆ ಹೆಚ್ಚಾಗಿದೆ ಅಥವಾ ವೋಲ್ಟೇಜು ಇಳಿದಿದೆ. ಆದರೆ ಒಂದೇ ಜಾಗದಲ್ಲಿ, ರೂಪಾಯಿಯಗಲದ ಸುಟ್ಟ ಗುರುತಿದ್ದು ಮಿಕ್ಕದ್ದೆಲ್ಲ ಶುಭ್ರವಾಗಿದ್ದರೆ, ತಂತಿಯ ಹೊದಿಕೆಯಲ್ಲೋ ಸುತ್ತುವಿಕೆಯಲ್ಲೋ ದೋಷವಿದ್ದಿರಬಹುದೆಂದು ಕೇಳುವ ಹಕ್ಕು ನಮಗೆ ಬರುತ್ತದೆ. ವೋಲ್ಟೇಜಿನ ಬಗ್ಗೆ ಒಂದು ಮಾತು ನೆನಪಿಡಿ: ವೋಲ್ಟೇಜು ನೂರಕ್ಕೆ ಎಂಬತ್ತಾದರೆ ಮೋಟಾರಿನ ತಿರುಗುಬಲ ನೂರಕ್ಕೆ ಅರವತ್ತನಾಲ್ಕಕ್ಕೇ ಇಳಿಯುತ್ತದೆ, ಅದನ್ನು ಸರಿದೂಗಿಸಲು ಮೋಟಾರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಫೇಸು ಕಡಿದಾಗ ತಾನಾಗಿ ನಿಲ್ಲಿಸುವ ಪ್ರಿವೆಂಟರಿನ ಬೆಲೆ ಒಂದು ಬಾರಿಯ ರಿವೈಂಡಿಂಗ್ ಖರ್ಚಿಗಿಂತ ಕಡಿಮೆ. ಸ್ಟಾರ್ಟರಿನಲ್ಲಿದ್ದರೂ ಅದರ ವಯರು ಕಿತ್ತು 'ನೇರ' ಮಾಡಿಟ್ಟಿರುವ ತೋಟಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಹೂನೀರಿನ ಮೂರನೆಯ ದಿನ ನಮ್ಮ ಐದು ಅಶ್ವಶಕ್ತಿಯ ಹೊಸ ಪಂಪು ಸುಟ್ಟಿತು. ಅಂಗಡಿಯವರು 'ನಾಳೆ ಜನ ಬರುತ್ತಾರೆ' ಎಂದರು; ಆ ನಾಳೆ ನಾಲ್ಕು ದಿನವಾಯಿತು. ತಡೆಯಲಾರದೆ ಪೇಟೆಯ ರಿವೈಂಡಿಂಗ್ ಅಂಗಡಿಗೆ ಕೊಟ್ಟು ಬಿಚ್ಚಿಸಿದೆವು. ಸುರುಳಿಯಲ್ಲಿ ಒಂದೇ ಕಡೆ ಸುಟ್ಟ ಗುರುತು. ಎರಡು ಬೆರಳಗಲವೂ ಇರಲಿಲ್ಲ. ಸಂತೋಷದಿಂದ ಕಂಪೆನಿಗೆ ಬರೆದರೆ 'ಮೊಹರು ಒಡೆದ ಮೋಟಾರಿಗೆ ಗ್ಯಾರಂಟಿ ಇಲ್ಲ' ಎಂದು ಒಂದು ಸಾಲಿನ ಉತ್ತರ ಬಂತು. ಕಾರ್ಡು ತೆಗೆದು ನೋಡಿದೆವು; ಹಾಗೆಯೇ ಇತ್ತು. ತಾಮ್ರದ ಹಳೆಯ ತಂತಿಯನ್ನು ಅಂಗಡಿಯವನು ತೂಕಕ್ಕೆ ಹಾಕಿಕೊಂಡಾಗಿತ್ತು, ಸಾಕ್ಷಿಯೂ ಅದರೊಂದಿಗೆ ಹೋಯಿತು. ಇತರರಿಗೆ ಬುದ್ಧಿ ಹೇಳುವ ಕಾರ್ಯದರ್ಶಿಯ ತೋಟದಲ್ಲೇ ಹೀಗಾದದ್ದು.

ಆದುದರಿಂದ, ಬಿಚ್ಚಲೇಬೇಕಾದ ಸಂದರ್ಭ ಬಂದರೆ ಮೊದಲು ಕಂಪೆನಿಗೂ ಅಂಗಡಿಗೂ ಬರವಣಿಗೆಯಲ್ಲಿ ತಿಳಿಸಿ, ಇಷ್ಟು ದಿನದೊಳಗೆ ಬಾರದಿದ್ದರೆ ಬೆಳೆ ಉಳಿಸಲು ಬಿಚ್ಚಿಸುವೆವು ಎಂದು ನಮೂದಿಸಿ. ಬಿಚ್ಚುವಾಗ ಇಬ್ಬರು ನೆರೆಯವರು ಹಾಜರಿರಲಿ. ಮೊಹರು, ನಂಬರಿನ ತಗಡು, ಸುರುಳಿ ಎಲ್ಲದರ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಸುಟ್ಟ ತಂತಿಯನ್ನು ಮನೆಗೆ ತನ್ನಿ. ಹೀಗೆ ಮಾಡಿದರೆ ಗ್ಯಾರಂಟಿ ಖಂಡಿತ ಉಳಿಯುತ್ತದೆಂದು ನಾವು ಹೇಳಲಾರೆವು, ವಾದಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ಕೆಸರಿನ ವಿಷಯವನ್ನು ನಾವು ಕಲಿತದ್ದು ಮಲೆನಾಡಿನಲ್ಲಲ್ಲ, ಬಯಲುಸೀಮೆಯಲ್ಲಿ. ನಮ್ಮ ಸದಸ್ಯರೊಬ್ಬರ ಬೀಗರ ಮನೆ ಗದಗಿನ ಹತ್ತಿರದ ಬಿಂಕದಕಟ್ಟಿಯಲ್ಲಿದೆ. ಮೃಗಾಲಯ ನೋಡಲು ಮಕ್ಕಳನ್ನು ಕರೆದೊಯ್ಯುವ ಊರು ಎಂದರೆ ಆ ಕಡೆಯವರಿಗೆಲ್ಲ ಗೊತ್ತು. ಮದುವೆಗೆಂದು ಹೋದವರು ಅವರ ಹೊಂಡ ನೋಡಿ ಬಂದೆವು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಒಣಭೂಮಿಯ ಜಿಲ್ಲೆಗಳಲ್ಲಿ ಇಂಥ ಹೊಂಡಗಳು ಹೆಚ್ಚಿದವು. ಉಳ್ಳಾಗಡ್ಡಿಗೂ ಮೆಣಸಿನಕಾಯಿಗೂ ಮಳೆ ಕೈಕೊಟ್ಟಾಗ ಒಂದೆರಡು ನೀರು ಕೊಡುವುದು ಇವುಗಳ ಉದ್ದೇಶ. ಆ ಸೀಮೆಯ ಎರೆಮಣ್ಣಿನ ನೀರು ವಾರಗಟ್ಟಲೆ ನಿಂತರೂ ತಿಳಿಯಾಗುವುದಿಲ್ಲ. ಅವರು ಮುಳುಗು ಪಂಪನ್ನು ಹೊಂಡದ ತಳಕ್ಕೇ ಇಳಿಸಿದ್ದರು. ಒಂದೇ ಹಂಗಾಮಿನಲ್ಲಿ ಸೀಲು ಸವೆದು ಮೋಟಾರಿಗೆ ನೀರು ನುಗ್ಗಿತು. ಗ್ಯಾರಂಟಿ ಕೇಳಿದರೆ 'ಸ್ವಚ್ಛ ನೀರಿಗೆ ಮಾತ್ರ' ಎಂಬ ಸಾಲನ್ನು ತೋರಿಸಿದರು.

ಕೋಪ ಬರುವಂಥ ಉತ್ತರವಾದರೂ ಸುಳ್ಳಲ್ಲ. ಭಾರತೀಯ ಮಾನಕ ಬ್ಯೂರೋದವರು ಮೊನೊಸೆಟ್ ಪಂಪಿಗೆ ಮಾಡಿರುವ ಐಎಸ್ 9079 ಎಂಬ ಮಾನಕವೂ ತಲೆಬರಹದಲ್ಲೇ ಸ್ವಚ್ಛವಾದ ತಣ್ಣೀರಿಗೆ ಎಂದು ಹೇಳುತ್ತದೆ. ಸೀಲು, ಬೇರಿಂಗು, ಬುಷ್ಷುಗಳನ್ನು ಸವೆಯುವ ಭಾಗಗಳೆಂದು ಗ್ಯಾರಂಟಿಯಿಂದ ಹೊರಗಿಡುವ ಕಾರ್ಡುಗಳೂ ಸಾಕಷ್ಟಿವೆ. ಬಿಂಕದಕಟ್ಟಿಯ ಆ ರೈತರು ಎರಡನೆಯ ಪಂಪನ್ನು ನಾಲ್ಕು ಖಾಲಿ ಡ್ರಮ್ಮುಗಳ ತೆಪ್ಪ ಕಟ್ಟಿ, ನೀರಿನ ಮೇಲ್ಮೈಯಿಂದ ಮೂರಡಿ ಕೆಳಗೆ ತೂಗುಬಿಟ್ಟಿದ್ದಾರೆ. ನೀರಿಳಿದರೆ ಪಂಪೂ ಇಳಿಯುತ್ತದೆ, ತಳದ ಕೆಸರು ಮುಟ್ಟುವುದಿಲ್ಲ. ನೀರು ಹೊಂಡಕ್ಕೆ ಬೀಳುವ ಮೊದಲು ಮಣ್ಣು ತಂಗಲು ಒಂದು ಗುಂಡಿಯನ್ನೂ ತೋಡಿದ್ದಾರೆ. ನಮ್ಮಲ್ಲಿ ಎರೆಮಣ್ಣಿಲ್ಲ, ಆದರೆ ಕೊಳೆತ ಸೋಗೆ, ತರಗೆಲೆ, ಅಡಿಕೆ ಸಿಪ್ಪೆ ಹೊಂಡದ ತಳದಲ್ಲಿ ಮೊಣಕಾಲುದ್ದ ಕೂತಿರುತ್ತವೆ. ತೆಪ್ಪದ ಉಪಾಯ ನಮಗೂ ಒಪ್ಪುತ್ತದೆ. ಪಂಪನ್ನು ಹಗ್ಗದಿಂದ ತೂಗುಬಿಡಬೇಕೇ ಹೊರತು ಕೇಬಲ್ಲಿನಿಂದಲ್ಲ.

ತಪ್ಪು ನಿಜಕ್ಕೂ ಕಾರ್ಖಾನೆಯದಾಗಿದ್ದು ಅವರು ಕೇಳದಿದ್ದರೆ? ಮೊದಲು ಅಂಚೆಯಲ್ಲಿ ಪತ್ರ ಹಾಕಿ ರಸೀದಿ ಇಟ್ಟುಕೊಳ್ಳಿ. ಹಳೆಯ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಸ್ಪೀಡ್ ಪೋಸ್ಟ್ ಸಾಕು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಹೇಳಬಹುದು. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 1986ರ ಕಾಯ್ದೆಯ ಬದಲಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಇದರಲ್ಲಿ ನಮಗೆ ದೊಡ್ಡ ಅನುಕೂಲವೆಂದರೆ, ಕಾರ್ಖಾನೆ ಕೊಯಮತ್ತೂರಿನಲ್ಲಿರಲಿ ರಾಜಕೋಟೆಯಲ್ಲಿರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಕಾಫಿ ವಾಣಿಜ್ಯ ಬೆಳೆ, ನೀವು ಗ್ರಾಹಕರೇ ಅಲ್ಲ ಎಂಬ ವಾದ ಎದುರಾಗಬಹುದು. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲೆಂದೇ ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದಲ್ಲವೆಂದು ಕಾಯ್ದೆಯೇ ವಿವರಿಸುತ್ತದೆ. ಈ ಮಾತನ್ನು ದೂರಿನ ಮೊದಲ ಪುಟದಲ್ಲೇ ಬರೆಯಿರಿ. ಬೀಜ ಕೊಂಡ ರೈತ ಗ್ರಾಹಕನೇ ಹೌದೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಎತ್ತಿಹಿಡಿದದ್ದೂ ಉಂಟು. ವಸ್ತುವನ್ನು ಪರೀಕ್ಷೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಸುಟ್ಟ ಮೋಟಾರನ್ನು ಹಾಗೆಯೇ ಇಟ್ಟುಕೊಂಡವರ ಮೊಕದ್ದಮೆ ಗಟ್ಟಿಯಾಗುವುದು ಇಲ್ಲಿಯೇ.

ಇಷ್ಟೆಲ್ಲ ಆದರೂ ಆಯೋಗದಿಂದ ಹಣ ಬರಬಹುದು, ಮಾರ್ಚಿಗೆ ನೀರು ಬರುವುದಿಲ್ಲ. ಹಳೆಯ ಪಂಪನ್ನು ಗುಜರಿಗೆ ಹಾಕದೆ ಸುತ್ತಿಸಿ ಇಟ್ಟುಕೊಳ್ಳಿ. ಅಥವಾ ಒಂದೇ ಹಳ್ಳದ ಮೂರು ನಾಲ್ಕು ಮನೆಯವರು ಸೇರಿ ಒಂದು ಹೆಚ್ಚುವರಿ ಪಂಪು ಇಟ್ಟುಕೊಳ್ಳಬಹುದು. ನವೆಂಬರ್ ಒಳಗೆ ಬಿಲ್ಲು, ಕಾರ್ಡು ತಂದರೆ ಕಛೇರಿಯಲ್ಲಿ ಓದಿ ಹೇಳುತ್ತೇವೆ, ಜೆರಾಕ್ಸ್ ಪ್ರತಿಯನ್ನೂ ಇಟ್ಟುಕೊಳ್ಳುತ್ತೇವೆ. ಆಂಪಿಯರ್ ನೋಡುವ ಟಾಂಗ್ ಟೆಸ್ಟರ್ ಸಂಘದಲ್ಲಿ ಎರಡಿದ್ದವು. ಒಂದು ಕಳೆದ ಹಂಗಾಮಿನಲ್ಲಿ ಹೋದದ್ದು ಹಿಂದಿರುಗಿಲ್ಲ. ಯಾರ ಮನೆಯಲ್ಲಿದೆಯೋ ಅವರು ದಯವಿಟ್ಟು ಈ ತಿಂಗಳ ಕೊನೆಯೊಳಗೆ ತಲುಪಿಸಬೇಕು.