ಅಜ್ಜನ ಮೇಜಿನ ಗೀರು ಅಳಿಸಿ: ಹೊಳಪಿಗೆ 8 ಸೂತ್ರಗಳು

ನಿಪ್ಪಾಣಿಯ ವಾಡೆಯ ಆರಾಮಕುರ್ಚಿ, ಅಥಣಿಯ ಪಡಸಾಲೆಯ ತೂಗುಮಂಚ, ಚಿಕ್ಕೋಡಿಯಲ್ಲಿ ನೀವು ಓದಲು ಕೂರುವ ಸಾಗವಾನಿ ಮೇಜು. ಗೀರು ಬಿದ್ದಿದೆಯೆಂದು ಇವನ್ನು ಗುಜರಿಗೆ ಹಾಕಬೇಡಿ. ಸಣ್ಣ ಗೀರು ಇರುವುದು ಪಾಲಿಶ್‌ನಲ್ಲಿ, ಕಟ್ಟಿಗೆಯಲ್ಲಲ್ಲ. ಅದನ್ನು ನೀವೇ ಸರಿಪಡಿಸಬಲ್ಲಿರಿ. ಒಂದು ಭಾನುವಾರ ಎತ್ತಿಡಿ.

1. ಉಗುರಿನಿಂದ ಆಳ ಅಳೆಯಿರಿ.
ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಕೆಲಸ ನಿಮ್ಮದು. ಸಿಕ್ಕಿಕೊಂಡರೆ ಪೆಟ್ಟು ಕಟ್ಟಿಗೆಗೇ ಬಿದ್ದಿದೆ, ಬಡಿಗೇರರನ್ನು ಕರೆಯಿರಿ. ರಾಯಬಾಗ, ಕಾಗವಾಡದ ನದಿದಂಡೆಯ ಮನೆಗಳಲ್ಲಿ 2019ರ ಕೃಷ್ಣಾ ಪ್ರವಾಹಕ್ಕೆ ನೆನೆದ ಪೆಟ್ಟಿಗೆ, ಕಪಾಟು ಇದ್ದರೆ ಮೊದಲು ಕೀಲು ನೋಡಿ, ಹೊಳಪು ಆಮೇಲೆ. ರೋಗ ತಿಳಿಯದೆ ಮದ್ದಿಲ್ಲ.

2. ಮೊದಲು ಒರೆಸಿ.
ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸಿ, ತಕ್ಷಣ ಒಣಬಟ್ಟೆ ಆಡಿಸಿ. ಎಷ್ಟೋ ಗೀರುಗಳು ಬರೀ ಕೊಳೆಯ ಗೆರೆ. ದಸರೆಯ ಸ್ವಚ್ಛತೆಯಲ್ಲಿ ಮೇಜಿನ ಮೇಲೆ ನೀರು ಸುರಿಯುವ ರೂಢಿ ಬಿಡಿ. ನೀರು ನಿಂತರೆ ಹಳೆಯ ಪಾಲಿಶ್ ಬೆಳ್ಳಗಾಗುತ್ತದೆ.

3. ಪಾಲಿಶ್ ಯಾವುದೆಂದು ಟೆಸ್ಟ್ ಮಾಡಿ.
ಕಣ್ಣಿಗೆ ಬೀಳದ ಮೂಲೆಗೆ ಒಂದು ಹನಿ ಪಾಲಿಶ್ ಸ್ಪಿರಿಟ್ ಹಚ್ಚಿ. ಜಿಗುಟಾದರೆ ಅದು ಅರಗಿನ ಪಾಲಿಶ್. ಫ್ರೆಂಚ್ ಪಾಲಿಶ್ ಎನ್ನುವುದೂ ಇದನ್ನೇ. ಏನೂ ಆಗದಿದ್ದರೆ ವಾರ್ನಿಶ್ ಅಥವಾ ಮೆಲಮೈನ್ ಇರಬಹುದು. ಅದಕ್ಕೆ ಮೇಣ ಮಾತ್ರ ಹಚ್ಚಿ. ಒಂದು ಹನಿ ಇಡೀ ಮೇಜನ್ನು ಉಳಿಸುತ್ತದೆ.

4. ಮೃದುವಾದ ಉಪಾಯದಿಂದ ಶುರು ಮಾಡಿ.
ಒಂದು ಪಾಲು ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ. ಒಲೆ ಆರಿಸಿ, ದೂರ ಒಯ್ದು, ಮೂರು ಪಾಲು ಟರ್ಪೆಂಟೈನ್ ಬೆರೆಸಿ. ತಣಿದ ಮೇಲೆ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಕೂದಲೆಳೆಯಂಥ ಗೀರು ಇಷ್ಟಕ್ಕೇ ಮಾಯ. ತೆಗೆದ ಪಾಲಿಶ್ ಮರಳಿ ಬರುವುದಿಲ್ಲ. ಆದ್ದರಿಂದ ಮೊದಲ ದಿನವೇ ಸ್ಯಾಂಡ್‌ಪೇಪರ್ ಹಿಡಿಯಬೇಡಿ.

5. ಅರಗಿಗೆ ಅರಗನ್ನೇ ಹಚ್ಚಿ.
ಮೇಣ ಸಾಲದಿದ್ದರೆ ಅದನ್ನು ಟರ್ಪೆಂಟೈನ್‌ನಿಂದ ಪೂರ್ತಿ ಒರೆಸಿ ತೆಗೆಯಿರಿ. ಶನಿವಾರ ರಾತ್ರಿಯೇ 100 ಮಿ.ಲೀ. ಸ್ಪಿರಿಟ್‌ನಲ್ಲಿ 12 ಗ್ರಾಂ ಅರಗಿನ ಚಕ್ಕೆ ನೆನೆಹಾಕಿ, ಬೆಳಿಗ್ಗೆ ಸೋಸಿ. ಹತ್ತಿಯನ್ನು ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಅದ್ದಿ. ಕಟ್ಟಿಗೆಯ ಗೆರೆಯ ದಿಕ್ಕಿನಲ್ಲೇ ಎಳೆಯಿರಿ, ನಡುವೆ ಕೈ ನಿಲ್ಲಿಸಬೇಡಿ; ನಿಲ್ಲಿಸಿದಲ್ಲಿ ಬಟ್ಟೆ ಅಂಟಿ ಕಲೆಯಾಗುತ್ತದೆ. ಹೊಸ ಅರಗು ಹಳೆಯದನ್ನು ಕರಗಿಸಿ ಅದರೊಳಗೇ ಬೆರೆಯುತ್ತದೆ. ಗೀರು ಮುಚ್ಚುವ ಗುಟ್ಟು ಇದೇ.

6. ಎಣ್ಣೆ ಆರಿಸುವಾಗ ಜಾಣರಾಗಿ.
ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಬೇಡ. ಅವು ಒಣಗುವುದಿಲ್ಲ, ಧೂಳು ಹಿಡಿಯುತ್ತವೆ. ಗೀರು ಬಿಳಿಚಿದ್ದರೆ ಪೇಂಟ್ ಅಂಗಡಿಯ ಅಗಸೆ ಎಣ್ಣೆ ಒಂದೆರಡು ಹನಿ ಸಾಕು. ಅದು ಒಣಗಿ ಪದರವಾಗುತ್ತದೆ. ಆದರೆ ಎಚ್ಚರ: ಅಗಸೆ ಎಣ್ಣೆಯ ಚಿಂದಿಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾದು ಬೆಂಕಿ ಹತ್ತಬಹುದು. ಬಯಲಲ್ಲಿ ಬಿಡಿಸಿ ಒಣಗಿಸಿ.

7. ಹವೆ ನೋಡಿ ದಿನ ನಿಗದಿ ಮಾಡಿ.
ಘಟ್ಟಕ್ಕೆ ಹತ್ತಿರದ ನಿಪ್ಪಾಣಿಯಲ್ಲಿ ಮಳೆಗಾಲದಲ್ಲಿ ಅರಗು ಹಚ್ಚಬೇಡಿ. ಸ್ಪಿರಿಟ್ ಆರುವಾಗ ಮೇಲ್ಮೈ ತಣಿದು ತೇವ ಹಿಡಿಯುತ್ತದೆ, ಬಿಳಿ ಮಬ್ಬು ಕೂರುತ್ತದೆ. ಅಥಣಿಯ ಮೇ ತಿಂಗಳ ಬಿಸಿಲಿನಲ್ಲಿ ಸ್ಪಿರಿಟ್ ಬೇಗ ಹಾರಿ ಗೆರೆ ಉಳಿಯುತ್ತದೆ. ಕಬ್ಬು ಕಡಿಯುವ ಚಳಿಗಾಲದ ಒಣ ದಿನ ಆರಿಸಿ, ಬಿಸಿಲು ಏರಿದ ಮೇಲೆ ಶುರು ಮಾಡಿ. ಕಿಟಕಿ ತೆರೆದಿಡಿ, ಬೆಂಕಿ ದೂರವಿಡಿ.

8. ಅನುಮಾನವನ್ನು ಮೇಜಿನ ಅಡಿಯಲ್ಲೇ ಕಳೆದುಕೊಳ್ಳಿ.
“ನನ್ನಿಂದಾದೀತೇ?” ಎನ್ನುವುದು ಅಭ್ಯಾಸ, ಸತ್ಯವಲ್ಲ. ಮೇಜನ್ನು ಬೋರಲು ಹಾಕಿ, ಅಡಿಭಾಗದಲ್ಲಿ ಅಂಗೈಯಗಲ ಜಾಗಕ್ಕೆ ಮೂರು ಸಲ ಪ್ರಾಕ್ಟೀಸ್ ಮಾಡಿ. ಮೂರನೆಯ ಸಲಕ್ಕೆ ಕೈ ತಾನೇ ಹದ ಹಿಡಿಯುತ್ತದೆ. ಆಮೇಲೆ ಮೇಲ್ಭಾಗಕ್ಕೆ ಬನ್ನಿ.

ಕೆಲಸ ಮುಗಿದ ಮೇಲೆ ಒಂದು ವಾರ ಬಿಸಿ ಚಹಾದ ಕಪ್ಪು ಮೇಜಿನಿಂದ ದೂರವಿರಲಿ. ಅರಗು ಶಾಖಕ್ಕೆ ಮೆತ್ತಗಾಗುತ್ತದೆ. ಪುಸ್ತಕ ಮಾತ್ರ ಮರುದಿನವೇ ತೆರೆಯಿರಿ. ಅಜ್ಜ ಲೆಕ್ಕ ಬರೆದ ಮೇಜಿನ ಮೇಲೆ, ನಿಮ್ಮ ಕೈಯೇ ಕೊಟ್ಟ ಹೊಳಪಿನಲ್ಲಿ ಓದಿ.