ಹಿಂಬಾಕಿ ವೇತನ, ನಮೂನೆ 10ಇ ಮತ್ತು ಕಣ್ತಪ್ಪುವ ತೆರಿಗೆ ಕಡಿತಗಳು

ಫೆಬ್ರವರಿ ವೇತನ ಬಿಲ್ಲು ಸಿದ್ಧವಾಗುವ ವೇಳೆಗೆ ಕೆ.ಜಿ.ಐ.ಡಿ. ಕಂತಿನ ವಿವರ, ಜೀವವಿಮೆಯ ರಸೀದಿ, ಮಕ್ಕಳ ಶಾಲಾ ಶುಲ್ಕದ ಚೀಟಿಗಳನ್ನು ಲೆಕ್ಕಶಾಖೆಗೆ ಒಪ್ಪಿಸುವ ರೂಢಿ ಬಹುಕಾಲದಿಂದ ಬಂದಿದೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಚೀಟಿಗಳಿಂದ ಈಗ ಪ್ರಯೋಜನವಿಲ್ಲ. ಪ್ರಯೋಜನವಾಗುವ ಕಾಗದವನ್ನು ತರುವವರು ವಿರಳ.

2023–24ನೇ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯೇ ಸಹಜವಾಗಿ ಅನ್ವಯಿಸುತ್ತದೆ; ಹಳೆಯದು ಬೇಕಾದವರು ಅದನ್ನು ಆರಿಸಿಕೊಳ್ಳಬೇಕು. ಹೊಸ ಪದ್ಧತಿಯಲ್ಲಿ ಕಲಂ 80ಸಿ, 80ಡಿ ಮೊದಲಾದ ಕಡಿತಗಳಿಲ್ಲ. ವೃತ್ತಿ ತೆರಿಗೆಯನ್ನೂ ಕಳೆಯುವಂತಿಲ್ಲ. 75,000 ರೂ. ಪ್ರಮಾಣಿತ ಕಡಿತವುಂಟು. ಅದನ್ನು ಕಳೆದ ಮೇಲೆ 2025–26ನೇ ಸಾಲಿನ ವೇತನಾದಾಯ 12 ಲಕ್ಷ ರೂ. ಮೀರದಿದ್ದರೆ ಕಲಂ 87ಎ ರಿಯಾಯಿತಿಯಿಂದ ತೆರಿಗೆ ಶೂನ್ಯವಾಗುತ್ತದೆ. ಅಂಥವರು ರಸೀದಿಗಳನ್ನು ಹುಡುಕುವ ಶ್ರಮ ಪಡಬೇಕಾಗಿಲ್ಲ.

ತೊಡಕು ಬರುವುದು ಹಿಂಬಾಕಿ ಬಂದ ವರ್ಷದಲ್ಲಿ. ಕಾಲಮಿತಿ ಬಡ್ತಿಯ ವೇತನ ನಿಗದಿ ತಡವಾಗಿ, ಹಿಂದಿನ ವರ್ಷಗಳ ಮೊತ್ತವೆಲ್ಲ ಒಂದೇ ಬಿಲ್ಲಿನಲ್ಲಿ ಪಾವತಿಯಾಗುವುದು ನಮ್ಮ ಇಲಾಖೆಗಳಲ್ಲಿ ಅಪರೂಪವೇನಲ್ಲ. ಹಣ ಕೈಸೇರಿದ ವರ್ಷದ ಆದಾಯಕ್ಕೇ ಅದು ಸೇರುತ್ತದೆ. ನೌಕರರ ತಪ್ಪಿಲ್ಲದೆ ಬಂದ ಈ ಹೊರೆಯನ್ನು ಇಳಿಸಲೆಂದೇ ಆದಾಯ ತೆರಿಗೆ ಅಧಿನಿಯಮ, 1961ರ ಕಲಂ 89 ಪರಿಹಾರವನ್ನು ಒದಗಿಸಿದೆ. ಇದು ಎರಡೂ ಪದ್ಧತಿಗಳಲ್ಲಿ ಲಭ್ಯ.

ಒಂದು ಲೆಕ್ಕವನ್ನು ನೋಡೋಣ. ಹೊಸ ಪದ್ಧತಿಯ ನೌಕರರೊಬ್ಬರ ತೆರಿಗೆಗೊಳಪಡುವ ಆದಾಯ 2025–26ರಲ್ಲಿ 11,80,000 ರೂ. ಎಂದಿಟ್ಟುಕೊಳ್ಳಿ, ತೆರಿಗೆಯಿಲ್ಲ. 2024–25ಕ್ಕೆ ಸಂಬಂಧಿಸಿದ 1,20,000 ರೂ. ಹಿಂಬಾಕಿ ಸೇರಿದಾಗ ಆದಾಯ 13,00,000 ರೂ. ಆಗಿ, ಶೇ. 4ರ ಸೆಸ್ ಸಹಿತ 78,000 ರೂ. ತೆರಿಗೆ ಬೀಳುತ್ತದೆ. ಹಿಂಬಾಕಿಯ ಮೂರನೆಯ ಎರಡು ಭಾಗ ತೆರಿಗೆಗೇ ಹೋದಂತಾಯಿತು. ಅದೇ ಹಣ 2024–25ರಲ್ಲಿಯೇ ಬಂದಿದ್ದರೆ? ಆ ವರ್ಷದ ಆದಾಯ 11,00,000 ರೂ. ಇದ್ದಲ್ಲಿ, ಹಿಂಬಾಕಿ ಸೇರಿ 12,20,000 ರೂ. ಆಗಿ, ಹೆಚ್ಚುವರಿ ತೆರಿಗೆ ಸೆಸ್ ಸಹಿತ 19,760 ರೂ. ಮಾತ್ರ ಆಗುತ್ತಿತ್ತು. ಇವೆರಡರ ವ್ಯತ್ಯಾಸವಾದ 58,240 ರೂ. ಕಲಂ 89ರ ಪರಿಹಾರ.

ಈ ಪರಿಹಾರ ತಾನಾಗಿ ಬರುವುದಿಲ್ಲ. ಆದಾಯ ವಿವರಪಟ್ಟಿಯನ್ನು ಸಲ್ಲಿಸುವ ಮುನ್ನ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನಮೂನೆ 10ಇ ಸಲ್ಲಿಸಿರಬೇಕು. ವಿವರಪಟ್ಟಿಯಲ್ಲಿ ಮೊತ್ತವನ್ನು ಬರೆದು ನಮೂನೆಯನ್ನು ಮರೆತವರಿಗೆ ಪರಿಹಾರ ನಿರಾಕರಣೆಯಾಗಿ ಬೇಡಿಕೆ ನೋಟಿಸ್ ಬರುತ್ತದೆ. ಹಿಂಬಾಕಿ ಬಿಲ್ಲಿನಲ್ಲಿ ವರ್ಷವಾರು ವಿಂಗಡಣೆ ಇಲ್ಲದಿದ್ದರೆ ನಮೂನೆ ತುಂಬುವುದೇ ಅಸಾಧ್ಯ. ಆದ್ದರಿಂದ ವೇತನ ಬಟವಾಡೆ ಅಧಿಕಾರಿಗಳು ಹಿಂಬಾಕಿ ತಃಖ್ತೆಯ ಪ್ರತಿಯನ್ನು ನೌಕರರಿಗೆ ಕೇಳದೆಯೇ ಒದಗಿಸುವುದು ಉಚಿತ. ನೌಕರರು ವಿವರ ಸಲ್ಲಿಸಿದಲ್ಲಿ, ವೇತನದಿಂದ ತೆರಿಗೆ ಕಟಾಯಿಸುವಾಗಲೇ ಈ ಪರಿಹಾರವನ್ನು ಪರಿಗಣಿಸಲು ಅವಕಾಶವಿದೆ.

ಎರಡನೆಯದು ರಾಷ್ಟ್ರೀಯ ಪಿಂಚಣಿ ಯೋಜನೆಯ ನೌಕರರಿಗೆ, ಅಂದರೆ 01-04-2006ರಂದು ಮತ್ತು ಆ ನಂತರ ಸೇವೆಗೆ ಸೇರಿದವರಿಗೆ ಸಂಬಂಧಿಸಿದ್ದು. ಸರ್ಕಾರ ಭರಿಸುವ ಶೇ. 14ರ ವಂತಿಗೆಯನ್ನು ಮೊದಲು ವೇತನಕ್ಕೆ ಕೂಡಿಸಿ, ಬಳಿಕ ಕಲಂ 80ಸಿಸಿಡಿ(2)ರಡಿ ಕಳೆಯಬೇಕು. ಹೊಸ ಪದ್ಧತಿಯಲ್ಲಿಯೂ ಇದಕ್ಕೆ ಅವಕಾಶವಿದೆ. ನಮೂನೆ 16ರಲ್ಲಿ ಕೂಡಿಸಿದ್ದು ಕಂಡು, ಕಳೆದದ್ದು ಕಾಣದಿದ್ದರೆ ಕೂಡಲೇ ಲೆಕ್ಕಶಾಖೆಯ ಗಮನಕ್ಕೆ ತರಬೇಕು. ನೌಕರರ ಸ್ವಂತ ಶೇ. 10ರ ವಂತಿಗೆಗೆ ಹೊಸ ಪದ್ಧತಿಯಲ್ಲಿ ಕಡಿತವಿಲ್ಲ. ಈ ಎರಡನ್ನು ಒಂದೆಂದು ಭಾವಿಸುವವರೇ ಹೆಚ್ಚು.

ಹಳೆಯ ಪದ್ಧತಿಯನ್ನು ಆರಿಸಿದವರು ಮರೆಯುವ ಮುಖ್ಯ ಕಡಿತ ಕಲಂ 80ಡಿಡಿ. ಅವಲಂಬಿತ ಪತಿ ಅಥವಾ ಪತ್ನಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರಲ್ಲಿ ಅಂಗವೈಕಲ್ಯವುಳ್ಳವರ ಪೋಷಣೆಗೆ ವೆಚ್ಚ ಮಾಡುತ್ತಿದ್ದಲ್ಲಿ 75,000 ರೂ., ವೈಕಲ್ಯ ಶೇ. 80 ಅಥವಾ ಹೆಚ್ಚಿದ್ದಲ್ಲಿ 1,25,000 ರೂ. ಕಡಿತ ದೊರೆಯುತ್ತದೆ. ವೆಚ್ಚ ಇದಕ್ಕಿಂತ ಕಡಿಮೆಯಾಗಿದ್ದರೂ ಪೂರ್ಣ ಮೊತ್ತವೇ ಲಭ್ಯ. ಬೇಕಾದದ್ದು ನಿಗದಿತ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರ. ಮಗುವಿನ ವೈಕಲ್ಯವನ್ನು ಕಚೇರಿಯಲ್ಲಿ ಹೇಳಲು ಸಂಕೋಚಪಟ್ಟು ಈ ಸೌಲಭ್ಯವನ್ನು ವರ್ಷಗಟ್ಟಲೆ ಬಿಟ್ಟವರನ್ನು ಈ ಲೇಖಕ ಬಲ್ಲ. ವಿವರಪಟ್ಟಿಯಲ್ಲಿ ನೇರವಾಗಿಯೇ ಇದನ್ನು ಕೋರಬಹುದು, ಕಚೇರಿಗೆ ತಿಳಿಸಲೇಬೇಕೆಂದಿಲ್ಲ.

ಆರೋಗ್ಯ ವಿಮೆಯಿಲ್ಲದ 60 ವರ್ಷ ಮೀರಿದ ತಂದೆತಾಯಿಯ ಚಿಕಿತ್ಸೆಗೆ ಕಲಂ 80ಡಿ ಅಡಿ 50,000 ರೂ.ವರೆಗೆ ಕಡಿತವುಂಟು. ಆದರೆ ಹಣವನ್ನು ನಗದಾಗಿ ಕೊಟ್ಟಿರಬಾರದು. ಔಷಧಿ ಅಂಗಡಿಯಲ್ಲಿ ಯುಪಿಐ ಮೂಲಕ ಪಾವತಿಸಿ ಬಿಲ್ಲನ್ನು ಇಟ್ಟುಕೊಂಡರೆ ಸಾಕು.

ಗೃಹಸಾಲದ ಬಡ್ಡಿಯಂಥ ದೊಡ್ಡ ಮೊತ್ತ ಜೊತೆಗಿಲ್ಲದೆ, ಇವೊಂದೆರಡು ಕಡಿತಗಳಿಗಾಗಿಯೇ ಹಳೆಯ ಪದ್ಧತಿಗೆ ಹೋಗುವುದು ಸಾಮಾನ್ಯವಾಗಿ ಲಾಭಕರವಲ್ಲ. ಎರಡೂ ಲೆಕ್ಕ ಮಾಡಿ ನೋಡಬೇಕು. ಕಚೇರಿಗೆ ಒಂದು ಪದ್ಧತಿಯನ್ನು ತಿಳಿಸಿ, ವಿವರಪಟ್ಟಿಯಲ್ಲಿ ಇನ್ನೊಂದನ್ನು ಆರಿಸಲು ವೇತನದಾರರಿಗೆ ಅವಕಾಶವಿದೆ. ವಿವರಪಟ್ಟಿ ಸಲ್ಲಿಸುವ ಕೊನೆಯ ದಿನವಾದ ಜುಲೈ 31 ದಾಟಿದರೆ ಹಳೆಯ ಪದ್ಧತಿಯ ಆಯ್ಕೆ ಆ ವರ್ಷಕ್ಕೆ ಉಳಿಯುವುದಿಲ್ಲ.